ನೆರೆದೇಶದ ಪ್ರವಾಸ ಮತ್ತು ಹಣ ಬದಲಾಯಿಸುವ ಲೆಕ್ಕ

ರಜೆಯಲ್ಲಿ ನೆರೆಯ ದೇಶಕ್ಕೆ ಹೊರಡುವವರು ಟಿಕೆಟ್ಟು, ವಸತಿ, ವೀಸಾಗಳ ವಿಚಾರವನ್ನು ಎಷ್ಟೋ ಮೊದಲೇ ಮುಗಿಸಿಕೊಂಡಿರುತ್ತಾರೆ. ಹಣ ಬದಲಾಯಿಸುವ ಮಾತು ಮಾತ್ರ ಸಾಮಾನ್ಯವಾಗಿ ಹೊರಡುವ ಹಿಂದಿನ ದಿನವೋ, ಗಡಿ ದಾಟಿದ ಮೇಲೋ ನೆನಪಿಗೆ ಬರುತ್ತದೆ. ದೂರದ ಖಂಡಕ್ಕೆ ಹೋಗುವಾಗ ಇರುವ ಎಚ್ಚರ ಪಕ್ಕದ ದೇಶಕ್ಕೆ ಹೋಗುವಾಗ ಇರುವುದಿಲ್ಲ. ಪಕ್ಕದ್ದಾದ್ದರಿಂದ ಹಣದ ವ್ಯವಹಾರವೂ ಸುಲಭವೇ ಇದ್ದೀತು ಎಂಬ ಎಣಿಕೆ ಇರುತ್ತದೆ. ವಾಸ್ತವದಲ್ಲಿ ಎರಡು ನೆರೆದೇಶಗಳ ಕರೆನ್ಸಿಗಳ ನಡುವಿನ ವಿನಿಮಯವು ಡಾಲರ್ ಅಥವಾ ಯೂರೋ ಕೊಳ್ಳುವುದಕ್ಕಿಂತ ಕೆಲವೊಮ್ಮೆ ಹೆಚ್ಚು ತೊಡಕಿನದು, ಹೆಚ್ಚು ಖರ್ಚಿನದು. ಆ ಖರ್ಚು ಬಹುಪಾಲು ಕಣ್ಣಿಗೆ ಬೀಳುವ ಶುಲ್ಕದಲ್ಲಿರದೆ ದರದೊಳಗೇ ಅಡಗಿರುವುದರಿಂದ, ದರ ಎಂಬುದು ಹೇಗೆ ಹುಟ್ಟುತ್ತದೆ ಎನ್ನುವಲ್ಲಿಂದಲೇ ಪ್ರಾರಂಭಿಸಬೇಕಾಗುತ್ತದೆ.

ಒಂದೇ ಹಣಕ್ಕೆ ಎರಡು ದರ ಏಕೆ

ಒಂದು ದೇಶದ ಹಣದ ಒಂದು ಘಟಕಕ್ಕೆ ಇನ್ನೊಂದು ದೇಶದ ಹಣ ಎಷ್ಟು ಸಿಗುತ್ತದೆ ಎಂಬುದೇ ವಿನಿಮಯ ದರ. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ಮೊತ್ತದಲ್ಲಿ ವ್ಯವಹರಿಸುವಾಗ ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಗಳ ನಡುವೆ ಅತಿ ಸಣ್ಣ ಅಂತರವಿರುತ್ತದೆ. ಆ ಎರಡರ ಸರಿಮಧ್ಯದ ಅಂಕಿಯನ್ನು ಮಧ್ಯದರ ಎನ್ನುತ್ತಾರೆ. ಮೊಬೈಲಿನಲ್ಲಿ ಹುಡುಕಿದಾಗ, ಪತ್ರಿಕೆಯಲ್ಲಿ ನೋಡಿದಾಗ ಕಾಣುವುದು ಸಾಮಾನ್ಯವಾಗಿ ಈ ಮಧ್ಯದರ ಅಥವಾ ಅದಕ್ಕೆ ಬಹಳ ಹತ್ತಿರದ ಅಂಕಿ. ಪ್ರವಾಸಿಗೆ ಆ ದರದಲ್ಲಿ ನೋಟು ಸಿಗುವುದು ಅಪರೂಪ. ಹಾಗಿದ್ದರೂ ಅದನ್ನು ತಿಳಿದಿರಬೇಕು, ಏಕೆಂದರೆ ಉಳಿದೆಲ್ಲ ದರಗಳನ್ನು ಅಳೆಯಲು ನಮ್ಮ ಬಳಿ ಇರುವ ಅಳತೆಗೋಲು ಅದೊಂದೇ.

ಹಣ ಬದಲಾಯಿಸುವ ಕೌಂಟರಿನ ಫಲಕದಲ್ಲಿ ಪ್ರತಿ ಕರೆನ್ಸಿಯ ಎದುರು ಎರಡು ಅಂಕಿಗಳಿರುತ್ತವೆ: ಕೊಳ್ಳುವ ದರ ಮತ್ತು ಮಾರುವ ದರ. ಇಲ್ಲಿ ಕೊಳ್ಳುವವರು, ಮಾರುವವರು ಎಂದರೆ ಕೌಂಟರಿನವರು, ನಾವಲ್ಲ. ಮೊದಲ ಬಾರಿ ಹೋದವರು ಗಲಿಬಿಲಿಗೊಳ್ಳುವುದು ಹೆಚ್ಚಾಗಿ ಈ ಒಂದು ಸಂಗತಿಯಲ್ಲೇ. ನಮ್ಮ ಕೈಯಲ್ಲಿರುವ ವಿದೇಶಿ ನೋಟನ್ನು ಅವರು ಅಗ್ಗದ ದರಕ್ಕೆ ಕೊಳ್ಳುತ್ತಾರೆ, ಅದೇ ನೋಟನ್ನು ಇನ್ನೊಬ್ಬರಿಗೆ ಹೆಚ್ಚಿನ ದರಕ್ಕೆ ಮಾರುತ್ತಾರೆ. ಹಳೆಯ ಚಿನ್ನವನ್ನು ಅಂಗಡಿಗೆ ಕೊಟ್ಟು ಅಷ್ಟೇ ತೂಕದ ಚಿನ್ನವನ್ನು ಅದೇ ದಿನ ಅದೇ ಅಂಗಡಿಯಲ್ಲಿ ಕೊಂಡರೂ ಕೈಯಿಂದ ಒಂದಿಷ್ಟು ಹಣ ಹೋಗುತ್ತದಲ್ಲ, ಇದೂ ಹಾಗೆಯೇ.

ಒಂದು ಲೆಕ್ಕ ನೋಡೋಣ. ಮಲೇಷ್ಯಾದಿಂದ ಪಕ್ಕದ ಥಾಯ್ಲೆಂಡಿಗೆ ಹೋದ ಪ್ರವಾಸಿಯೊಬ್ಬರು ರಿಂಗಿಟ್ ಕೊಟ್ಟು ಬಾತ್ ಪಡೆಯುತ್ತಿದ್ದಾರೆ ಎಂದುಕೊಳ್ಳಿ. ಲೆಕ್ಕದ ಅನುಕೂಲಕ್ಕಾಗಿ ಮಧ್ಯದರ ಒಂದು ರಿಂಗಿಟ್‌ಗೆ 8 ಬಾತ್ ಎಂದೂ, ಕೌಂಟರಿನ ಕೊಳ್ಳುವ ದರ 7.80, ಮಾರುವ ದರ 8.20 ಎಂದೂ ಇಟ್ಟುಕೊಳ್ಳೋಣ. 1,000 ರಿಂಗಿಟ್ ಕೊಟ್ಟರೆ ಸಿಗುವುದು 7,800 ಬಾತ್. ಮಧ್ಯದರದ ಪ್ರಕಾರ 8,000 ಆಗಬೇಕಿತ್ತು. ಕಡಿಮೆಯಾದ 200 ಬಾತ್, ಅಂದರೆ ಶೇಕಡಾ 2.5, ವಿನಿಮಯದ ನಿಜವಾದ ಖರ್ಚು. ಪ್ರವಾಸ ಹೇಗೋ ರದ್ದಾಗಿ ಆ ಹಣವನ್ನು ಒಂದು ಬಾತ್ ಕೂಡ ಮುಟ್ಟದೆ ಅಲ್ಲಿಯೇ ಮರಳಿ ಕೊಟ್ಟರೆ, 7,800ನ್ನು 8.20ರಿಂದ ಭಾಗಿಸಿ ಸುಮಾರು 951 ರಿಂಗಿಟ್ ಕೈಗೆ ಬರುತ್ತದೆ. ಏನನ್ನೂ ಕೊಳ್ಳದೆ, ಏನನ್ನೂ ತಿನ್ನದೆ 49 ರಿಂಗಿಟ್ ಕರಗಿತು.

ಈ ಅಂತರವೆಲ್ಲ ಮೋಸ ಎಂದು ತಿಳಿಯಬೇಕಿಲ್ಲ. ನೋಟು ಎಂಬುದು ಭೌತಿಕ ಸರಕು. ಅದನ್ನು ತರಿಸಬೇಕು, ಕಾವಲಿಟ್ಟು ಕೂಡಿಡಬೇಕು, ವಿಮೆ ಮಾಡಿಸಬೇಕು, ಖೋಟಾ ನೋಟು ಹೊಕ್ಕರೆ ನಷ್ಟ ತಾಳಬೇಕು, ಪೆಟ್ಟಿಗೆಯಲ್ಲಿದ್ದಷ್ಟು ದಿನ ಅದಕ್ಕೆ ಬಡ್ಡಿ ಹುಟ್ಟುವುದಿಲ್ಲ, ಮಾರುವುದರೊಳಗೆ ದರ ಕುಸಿದರೆ ಅದೂ ಕೌಂಟರಿನವರ ತಲೆಯ ಮೇಲೆ. ಎಲ್ಲರೂ ಬಯಸುವ ಕರೆನ್ಸಿಯಾದರೆ ನೋಟು ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತದೆ, ಅಂತರ ಸಣ್ಣದಿರುತ್ತದೆ. ಕೇಳುವವರೇ ಇಲ್ಲದ ಕರೆನ್ಸಿಯ ನೋಟು ತಿಂಗಳುಗಟ್ಟಲೆ ಬಿದ್ದಿರುತ್ತದೆ, ಅಂತರ ಹಿಗ್ಗುತ್ತದೆ. ಫಲಕದ ಮುಂದೆ ನಿಂತಾಗ ಮಧ್ಯದರ ಗೊತ್ತಿಲ್ಲದಿದ್ದರೂ, ಎರಡು ಅಂಕಿಗಳ ನಡುವೆ ಎಷ್ಟು ದೂರವಿದೆ ಎಂದು ನೋಡಿದರೆ ಆ ಕೌಂಟರು ದುಬಾರಿಯೋ ಅಲ್ಲವೋ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ.

ಪಕ್ಕದ ದೇಶವಾದರೂ ದಾರಿ ಡಾಲರ್ ಮೂಲಕ

ಜಗತ್ತಿನ ಕರೆನ್ಸಿ ಮಾರುಕಟ್ಟೆಯ ಗಣತಿಯನ್ನು ಅಂತರರಾಷ್ಟ್ರೀಯ ಪಾವತಿಗಳ ಬ್ಯಾಂಕು ಮೂರು ವರ್ಷಕ್ಕೊಮ್ಮೆ ನಡೆಸುತ್ತದೆ. 2022ರ ಗಣತಿಯಂತೆ ಎಲ್ಲ ವಿದೇಶಿ ವಿನಿಮಯ ವ್ಯವಹಾರಗಳ ಪೈಕಿ ಶೇಕಡಾ 88ರಷ್ಟರಲ್ಲಿ ಒಂದು ಬದಿಗೆ ಅಮೆರಿಕನ್ ಡಾಲರ್ ಇತ್ತು. ಅಕ್ಕಪಕ್ಕದ ಎರಡು ಸಣ್ಣ ಆರ್ಥಿಕತೆಗಳ ಹಣ ನೇರವಾಗಿ ಪರಸ್ಪರ ಬದಲಾಗುವುದು ಕಡಿಮೆ. ಮೊದಲನೆಯದನ್ನು ಡಾಲರಿಗೆ, ಡಾಲರನ್ನು ಎರಡನೆಯದಕ್ಕೆ ಪರಿವರ್ತಿಸಿ ಬಂದ ಫಲಿತಾಂಶವೇ ಆ ಜೋಡಿಯ ದರವಾಗುತ್ತದೆ. ಇದನ್ನು ಅಡ್ಡದರ ಎನ್ನುತ್ತಾರೆ.

ಪ್ರವಾಸಿಯ ಮಟ್ಟಿಗೆ ಇದರ ಪರಿಣಾಮ ಸರಳ. ಎರಡು ಹೆಜ್ಜೆಯ ವಿನಿಮಯದಲ್ಲಿ ಎರಡು ಬಾರಿ ಅಂತರ ಕಳೆಯುತ್ತದೆ. ಪ್ರತಿ ಹೆಜ್ಜೆಯಲ್ಲಿ ಶೇಕಡಾ 2 ಹೋದರೆ ನೂರರಲ್ಲಿ ಉಳಿಯುವುದು 96.04. ಆದ್ದರಿಂದ ಊರಿನ ಬ್ಯಾಂಕಿನಲ್ಲಿ ಡಾಲರ್ ಕೊಂಡು, ಗಡಿಯಾಚೆ ಅದನ್ನು ಅಲ್ಲಿನ ಹಣಕ್ಕೆ ಬದಲಾಯಿಸುವ ಹಳೆಯ ರೂಢಿ ನೆರೆದೇಶದ ಪ್ರವಾಸಕ್ಕೆ ಯಾವಾಗಲೂ ಹೊಂದುವುದಿಲ್ಲ. ನಮ್ಮ ಕರೆನ್ಸಿಯನ್ನು ಅಲ್ಲಿ ನೇರವಾಗಿ, ಸಣ್ಣ ಅಂತರದಲ್ಲಿ ಕೊಳ್ಳುವವರಿದ್ದರೆ ಡಾಲರಿನ ಹಂತವೇ ಅನಗತ್ಯ. ನಮ್ಮ ಕರೆನ್ಸಿಯನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ ಎನ್ನುವಾಗ, ಇಲ್ಲವೇ ಹೆಚ್ಚು ಕಡಿತ ಹಾಕಿ ಕೊಳ್ಳುತ್ತಾರೆ ಎನ್ನುವಾಗ ಮಾತ್ರ ಆ ಸುತ್ತುದಾರಿಗೆ ಅರ್ಥವಿದೆ.

ಹಾಗಾದರೆ ಹೊರಡುವ ಮೊದಲೇ ಬದಲಾಯಿಸಬೇಕೆ, ತಲುಪಿದ ಮೇಲೆಯೆ? ಇದಕ್ಕೆ ಎಲ್ಲ ದೇಶಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ, ಆದರೆ ಯೋಚಿಸುವ ಕ್ರಮವೊಂದಿದೆ. ಯಾವ ನೋಟಿಗೆ ಎಲ್ಲಿ ಬೇಡಿಕೆಯಿದೆಯೋ ಅಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಎರಡು ದೇಶಗಳಲ್ಲಿ ಒಂದರ ಹಣ ಸ್ಥಿರವಾಗಿದ್ದು, ಇನ್ನೊಂದರ ಹಣ ಬೆಲೆ ಕಳೆದುಕೊಳ್ಳುತ್ತಿದ್ದರೆ, ಸ್ಥಿರವಾದ ಹಣವನ್ನು ಎರಡನೆಯ ದೇಶಕ್ಕೆ ಒಯ್ದು ಬದಲಾಯಿಸುವುದೇ ಸಾಮಾನ್ಯವಾಗಿ ಲಾಭಕರ, ಏಕೆಂದರೆ ಅಲ್ಲಿ ಅದನ್ನು ಬಯಸುವವರು ಹಲವರು. ಸ್ಥಿರ ದೇಶದ ಕೌಂಟರುಗಳು ಬೆಲೆ ಕುಸಿಯುತ್ತಿರುವ ನೋಟನ್ನು ಸಂಗ್ರಹಿಸಲು ಹಿಂಜರಿಯುವುದರಿಂದ ಅಲ್ಲಿ ಅಂತರ ದೊಡ್ಡದು. ಗಡಿ ಊರುಗಳಲ್ಲಿ ಎರಡೂ ಕಡೆಯ ಜನ ದಿನವೂ ಓಡಾಡುವುದರಿಂದ ಎರಡೂ ನೋಟುಗಳು ಧಾರಾಳವಾಗಿ ತಿರುಗುತ್ತಿರುತ್ತವೆ, ಅಂಗಡಿಗಳ ನಡುವೆ ಪೈಪೋಟಿಯೂ ಇರುತ್ತದೆ. ವಿಮಾನ ನಿಲ್ದಾಣದ ಕೌಂಟರಿಗೆ ಅಂಥ ಪೈಪೋಟಿ ಇಲ್ಲ. ಇಳಿದ ಪ್ರಯಾಣಿಕನಿಗೆ ಆ ಕ್ಷಣಕ್ಕೆ ಟ್ಯಾಕ್ಸಿಗೆ ಹಣ ಬೇಕು, ಬೇರೆ ದಾರಿಯಿಲ್ಲ ಎಂಬುದು ಅವರಿಗೂ ಗೊತ್ತು. ಅಲ್ಲಿ ಮೊದಲ ದಿನಕ್ಕೆ ಸಾಕಾಗುವಷ್ಟನ್ನು ಬದಲಾಯಿಸಿ ಉಳಿದದ್ದನ್ನು ಪೇಟೆಗೆ ಬಿಡುವುದು ಅನುಭವಿಗಳ ಕ್ರಮ.

ಬದಲಾಯಿಸಲೇಬೇಕಿಲ್ಲದ ಗಡಿಗಳು

ಕೆಲವು ನೆರೆದೇಶಗಳ ನಡುವೆ ವಿನಿಮಯದ ಪ್ರಶ್ನೆಯೇ ಏಳುವುದಿಲ್ಲ. ಯೂರೋ ವಲಯ ಇದಕ್ಕೆ ಪ್ರಸಿದ್ಧ ಉದಾಹರಣೆ. 2023ರ ಜನವರಿ 1ರಂದು ಕ್ರೊಯೇಷ್ಯಾ ಯೂರೋಗೆ ಬದಲಾದಾಗ, ಪಕ್ಕದ ಸ್ಲೊವೇನಿಯಾದಿಂದ ಹೋಗುವವರಿಗೆ ಕುನಾ ಕೊಳ್ಳುವ ಕೆಲಸ ತಪ್ಪಿತು.

ಇನ್ನು ಕೆಲವು ಕಡೆ ಎರಡು ಬೇರೆ ಕರೆನ್ಸಿಗಳಿದ್ದರೂ ಒಂದರ ಬೆಲೆಯನ್ನು ಇನ್ನೊಂದಕ್ಕೆ ಕಟ್ಟಿ ಹಾಕಲಾಗಿರುತ್ತದೆ. ಬ್ರೂನೈ ಮತ್ತು ಸಿಂಗಪುರಗಳ ನಡುವೆ 1967ರಿಂದ ಒಪ್ಪಂದವಿದ್ದು, ಒಂದು ಬ್ರೂನೈ ಡಾಲರ್ ಎಂದರೆ ಒಂದು ಸಿಂಗಪುರ ಡಾಲರ್. ಭೂತಾನಿನ ಎನ್‌ಗುಲ್ಟ್ರಮ್ ಭಾರತದ ರೂಪಾಯಿಗೆ ಸಮ. ನೇಪಾಳದ ರೂಪಾಯಿ 1993ರಿಂದ ಭಾರತದ ಒಂದು ರೂಪಾಯಿಗೆ 1.60ರಂತೆ ನಿಂತಿದೆ. ಲೆಸೊಥೊ, ಎಸ್ವಾಟಿನಿ, ನಮೀಬಿಯಾಗಳ ಹಣ ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಸಮವಾಗಿದ್ದು, ಆ ದೇಶಗಳ ಅಂಗಡಿಗಳಲ್ಲಿ ರ‍್ಯಾಂಡ್ ನೋಟು ಕೊಟ್ಟೇ ವ್ಯಾಪಾರ ಮಾಡಬಹುದು.

ಇಲ್ಲಿ ಗಮನಿಸಬೇಕಾದದ್ದು, ಈ ಸಲೀಸು ಹಲವೆಡೆ ಒಂದೇ ದಿಕ್ಕಿನದು. ಲೆಸೊಥೊದಲ್ಲಿ ರ‍್ಯಾಂಡ್ ಕೊಟ್ಟವರಿಗೆ ಚಿಲ್ಲರೆ ಅಲ್ಲಿನ ಲೋಟಿಯಲ್ಲಿ ಬರಬಹುದು. ಅದನ್ನು ಹೊತ್ತು ದಕ್ಷಿಣ ಆಫ್ರಿಕಾಕ್ಕೆ ಮರಳಿದರೆ ಅಂಗಡಿಯವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬೆಲೆ ಸಮ ಎಂದ ಮಾತ್ರಕ್ಕೆ ಸ್ವೀಕಾರವೂ ಸಮ ಎಂದಾಗುವುದಿಲ್ಲ. ಇದರ ಅತಿ ವಿಚಿತ್ರ ರೂಪ ಆಫ್ರಿಕಾದ ಸಿಎಫ್‌ಎ ಫ್ರಾಂಕಿನಲ್ಲಿದೆ. ಪಶ್ಚಿಮ ಆಫ್ರಿಕಾದ ಎಂಟು ದೇಶಗಳಿಗೆ ಒಂದು ಸಿಎಫ್‌ಎ ಫ್ರಾಂಕ್, ಮಧ್ಯ ಆಫ್ರಿಕಾದ ಆರು ದೇಶಗಳಿಗೆ ಇನ್ನೊಂದು. ಎರಡೂ ಒಂದು ಯೂರೋಗೆ 655.957 ಎಂಬ ಒಂದೇ ದರಕ್ಕೆ ಕಟ್ಟಲ್ಪಟ್ಟಿವೆ. ಆದರೂ ನೈಜರಿನ ಫ್ರಾಂಕ್ ನೋಟನ್ನು ಪಕ್ಕದ ಚಾಡ್‌ನಲ್ಲಿ ನೀಡಿದರೆ ಅದು ಪರದೇಶದ ನೋಟು, ಬದಲಾಯಿಸಿಕೊಂಡೇ ಬರಬೇಕು. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಕ್ರೋನಗಳಂತೂ ಹೆಸರಿನಲ್ಲಷ್ಟೇ ಬಂಧುಗಳು, ಬೆಲೆ ಮೂರಕ್ಕೂ ಬೇರೆ ಬೇರೆ.

ಅಂಗಡಿಯವರೇ ನೆರೆದೇಶದ ನೋಟನ್ನು ತೆಗೆದುಕೊಳ್ಳುವ ರೂಢಿಯೂ ಗಡಿಪ್ರದೇಶಗಳಲ್ಲಿದೆ. ಸ್ವಿಟ್ಜರ್ಲೆಂಡಿನ ಹಲವು ಅಂಗಡಿಗಳು ಯೂರೋ ನೋಟು ಸ್ವೀಕರಿಸಿ ಚಿಲ್ಲರೆಯನ್ನು ಸ್ವಿಸ್ ಫ್ರಾಂಕಿನಲ್ಲಿ ಕೊಡುತ್ತವೆ. ಅಲ್ಲಿ ನಡೆಯುವುದು ಅಂಗಡಿ ತಾನೇ ನಿಗದಿ ಮಾಡಿಕೊಂಡ ದರ. ಒಂದು ಕಪ್ ಕಾಫಿಗೆ ಪರವಾಗಿಲ್ಲ, ಹೋಟೆಲಿನ ಬಿಲ್ಲಿಗೆ ಬೇಡ.

ಕೌಂಟರಿನ ಮುಂದೆ

ಕಮಿಷನ್ ಇಲ್ಲ ಎಂಬ ಫಲಕಕ್ಕೆ ತನ್ನಷ್ಟಕ್ಕೆ ಯಾವ ಅರ್ಥವೂ ಇಲ್ಲ. ಮೊದಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಒಂದು ಕೌಂಟರು ಶುಲ್ಕವಿಲ್ಲದೆ 7.60ರ ದರ ಕೊಡುತ್ತದೆ, ಇನ್ನೊಂದು 7.85 ಕೊಟ್ಟು ಪ್ರತಿ ವ್ಯವಹಾರಕ್ಕೆ 50 ಬಾತ್ ಶುಲ್ಕ ಹಿಡಿಯುತ್ತದೆ ಎನ್ನೋಣ. 1,000 ರಿಂಗಿಟ್‌ಗೆ ಮೊದಲನೆಯದರಲ್ಲಿ 7,600 ಬಾತ್, ಎರಡನೆಯದರಲ್ಲಿ 7,800 ಸಿಗುತ್ತದೆ. ಶುಲ್ಕ ಹಿಡಿಯುವ ಕೌಂಟರೇ ಅಗ್ಗ. ಬದಲಾಯಿಸುವುದು 100 ರಿಂಗಿಟ್ ಮಾತ್ರ ಆದರೆ ಮೊದಲನೆಯದರಲ್ಲಿ 760, ಎರಡನೆಯದರಲ್ಲಿ 735. ಈಗ ಫಲಿತಾಂಶ ತಿರುಗುಮುರುಗು. ಈ ಎರಡು ಕೌಂಟರುಗಳು ಸಮವಾಗುವುದು 200 ರಿಂಗಿಟ್‌ನಲ್ಲಿ. ನಿಗದಿತ ಶುಲ್ಕ ಸಣ್ಣ ಮೊತ್ತವನ್ನು ತಿನ್ನುತ್ತದೆ, ಕೆಟ್ಟ ದರ ದೊಡ್ಡ ಮೊತ್ತವನ್ನು ತಿನ್ನುತ್ತದೆ. ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದದ್ದು ದರವನ್ನೂ ಅಲ್ಲ, ಶುಲ್ಕವನ್ನೂ ಅಲ್ಲ: ಇಷ್ಟು ಕೊಟ್ಟರೆ, ಎಲ್ಲ ಕಳೆದು, ಕೈಗೆ ಎಷ್ಟು ಬರುತ್ತದೆ ಎಂಬುದನ್ನು. ನೋಟು ಒಳಗೆ ಕೊಡುವ ಮೊದಲೇ ಆ ಅಂಕಿಯನ್ನು ಕ್ಯಾಲ್ಕ್ಯುಲೇಟರಿನ ಪರದೆಯ ಮೇಲೆ ತೋರಿಸಲು ಹೇಳಿದರೆ ಭಾಷೆಯ ತೊಡಕೂ ಇರುವುದಿಲ್ಲ.

ನೋಟಿನ ಸ್ಥಿತಿಯೂ ದರದ ಭಾಗವೇ. ಹಲವು ದೇಶಗಳಲ್ಲಿ 100 ಡಾಲರಿನ ನೋಟಿಗೆ ಒಂದು ದರ, 5 ಅಥವಾ 10 ಡಾಲರಿನ ನೋಟಿಗೆ ಅದಕ್ಕಿಂತ ಕಡಿಮೆ ದರ ಇರುತ್ತದೆ. ಮ್ಯಾನ್ಮಾರ್, ಕಾಂಬೋಡಿಯಾಗಳಂಥ ಕಡೆ ಮಡಿಕೆ ಬಿದ್ದ, ಅಂಚು ಹರಿದ, ಮೇಲೆ ಪೆನ್ನಿನ ಗೀಟಿರುವ ಡಾಲರ್ ನೋಟನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ತಳ್ಳುವುದುಂಟು. ನೋಟು ಅಸಲಿಯೇ ಆಗಿರುತ್ತದೆ. ಆದರೆ ಅದನ್ನು ಅವರಿಂದ ಕೊಳ್ಳುವ ಮುಂದಿನವನೂ ಹಾಗೆಯೇ ತಳ್ಳಿಯಾನು ಎಂಬ ಭಯ. ನಾಣ್ಯಗಳನ್ನು ಬಹುತೇಕ ಯಾವ ಕೌಂಟರೂ ಕೊಳ್ಳುವುದಿಲ್ಲ. ಹಿಂದಿನ ಪ್ರವಾಸದಲ್ಲಿ ಉಳಿದ ನೋಟುಗಳು ಇನ್ನೂ ಚಲಾವಣೆಯಲ್ಲಿವೆಯೇ ಎಂದೂ ನೋಡಿಕೊಳ್ಳಬೇಕು. ಬ್ರಿಟನ್ನಿನ 20 ಮತ್ತು 50 ಪೌಂಡಿನ ಕಾಗದದ ನೋಟುಗಳು 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಗಳಲ್ಲಿ ನಡೆಯುತ್ತಿಲ್ಲ. ಅವುಗಳನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಬದಲಾಯಿಸಿಕೊಳ್ಳಬಹುದಾದರೂ ರಜೆಗೆ ಬಂದವರಿಗೆ ಅದಕ್ಕೆ ಪುರುಸೊತ್ತು ಎಲ್ಲಿಯದು.

ಪಡೆದ ನೋಟನ್ನು ಕಿಟಕಿ ಬಿಡುವ ಮೊದಲು ಎಣಿಸಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ. ರಸೀದಿಯ ವಿಚಾರವನ್ನು ಅಷ್ಟಾಗಿ ಹೇಳುವುದಿಲ್ಲ. ಕೆಲವು ದೇಶಗಳಲ್ಲಿ ಉಳಿದ ಸ್ಥಳೀಯ ಹಣವನ್ನು ಮರಳಿ ವಿದೇಶಿ ಹಣವಾಗಿ ಪಡೆಯಬೇಕಾದರೆ, ಮೊದಲು ಅಧಿಕೃತವಾಗಿಯೇ ಬದಲಾಯಿಸಿದ್ದೆವು ಎನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ.

ಬೀದಿಯಲ್ಲಿ ಹೆಚ್ಚಿನ ದರ ಕೂಗುವವರು ಎಲ್ಲಿಂದ ಬರುತ್ತಾರೆ? ಸರ್ಕಾರವು ದರವನ್ನು ತಾನೇ ನಿಗದಿ ಮಾಡಿ, ವಿದೇಶಿ ಹಣ ಕೊಳ್ಳುವುದಕ್ಕೆ ಮಿತಿ ಹೇರಿದಾಗ, ಆ ದರದಲ್ಲಿ ಡಾಲರ್ ಸಿಗದ ಜನ ಹೆಚ್ಚು ಕೊಟ್ಟಾದರೂ ಕೊಳ್ಳಲು ಮುಂದಾಗುತ್ತಾರೆ. ಅರ್ಜೆಂಟೀನಾದಲ್ಲಿ 2011ರ ನಂತರದ ಹಲವು ವರ್ಷ ಬ್ಯಾಂಕಿನ ದರಕ್ಕೂ ಬೀದಿಯ ದರಕ್ಕೂ ದೊಡ್ಡ ವ್ಯತ್ಯಾಸವಿದ್ದುದು ಈ ಕಾರಣಕ್ಕೇ. ಅಂಥ ವಿನಿಮಯ ಬಹುತೇಕ ದೇಶಗಳಲ್ಲಿ ಕಾನೂನುಬಾಹಿರ. ಕಾನೂನನ್ನು ಬದಿಗಿಟ್ಟರೂ, ಖೋಟಾ ನೋಟು ಕೈಸೇರಿದರೆ ದೂರು ಕೊಡಲು ಅಲ್ಲಿ ಕಿಟಕಿಯೂ ಇರುವುದಿಲ್ಲ, ಹೆಸರೂ ಇರುವುದಿಲ್ಲ.

ಕಾರ್ಡು, ಎಟಿಎಂ ಮತ್ತು ಪರದೆಯ ಮೇಲಿನ ಆ ಪ್ರಶ್ನೆ

ಕಾರ್ಡಿನಲ್ಲಿ ಪಾವತಿಸಿದಾಗ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು ತಮ್ಮ ಆ ದಿನದ ದರದಲ್ಲಿ ಮೊತ್ತವನ್ನು ಪರಿವರ್ತಿಸುತ್ತವೆ. ಈ ದರ ಮಧ್ಯದರಕ್ಕೆ ಸಾಕಷ್ಟು ಹತ್ತಿರವಿರುತ್ತದೆ. ಅದರ ಮೇಲೆ ಕಾರ್ಡು ಕೊಟ್ಟ ಬ್ಯಾಂಕು ತನ್ನ ವಿದೇಶಿ ವ್ಯವಹಾರ ಶುಲ್ಕ ಸೇರಿಸುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ, ಕಾರ್ಡಿನಿಂದ ಕಾರ್ಡಿಗೆ ಇದು ಬೇರೆ. ಎಟಿಎಂನಿಂದ ನಗದು ತೆಗೆದರೆ ಯಂತ್ರದ ಒಡೆಯ ಬ್ಯಾಂಕಿನ ಶುಲ್ಕ ಒಂದು, ನಮ್ಮ ಬ್ಯಾಂಕಿನದು ಇನ್ನೊಂದು. ಅವು ಸಾಮಾನ್ಯವಾಗಿ ಪ್ರತಿ ಬಾರಿಯ ನಿಗದಿತ ಮೊತ್ತವಾದ್ದರಿಂದ, ನಾಲ್ಕು ಬಾರಿ ಸಣ್ಣದಾಗಿ ತೆಗೆಯುವುದಕ್ಕಿಂತ ಒಮ್ಮೆ ತೆಗೆಯುವುದು ಅಗ್ಗ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಆ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಆ ಕೆಲಸಕ್ಕೆ ಡೆಬಿಟ್ ಕಾರ್ಡೇ ಸರಿ.

ಇಷ್ಟೆಲ್ಲ ತಿಳಿದವರೂ ಎಡವುವ ಜಾಗ ಒಂದಿದೆ. ಕಾರ್ಡು ತೂರಿಸಿದ ಮೇಲೆ ಯಂತ್ರದ ಪರದೆಯಲ್ಲಿ ಎರಡು ಮೊತ್ತಗಳು ಕಾಣಿಸಿಕೊಳ್ಳುತ್ತವೆ: ಒಂದು ಆ ದೇಶದ ಹಣದಲ್ಲಿ, ಇನ್ನೊಂದು ನಮ್ಮ ದೇಶದ ಹಣದಲ್ಲಿ. ಯಾವುದರಲ್ಲಿ ಪಾವತಿಸುತ್ತೀರಿ ಎಂದು ಯಂತ್ರ ಕೇಳುತ್ತದೆ. ನಮ್ಮ ಹಣದ ಮೊತ್ತ ಚಿರಪರಿಚಿತವಾಗಿ ಕಾಣುತ್ತದೆ, ಅದರ ಗುಂಡಿ ಹಸಿರು ಬಣ್ಣದಲ್ಲಿರುವುದೂ ಉಂಟು, ಹಿಂದೆ ಸಾಲಿನಲ್ಲಿ ಜನ ನಿಂತಿರುತ್ತಾರೆ. ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಅದನ್ನು ಒತ್ತಿದೊಡನೆ ಪರಿವರ್ತನೆ ಮಾಡುವ ಹಕ್ಕು ಕಾರ್ಡು ಜಾಲದಿಂದ ಅಂಗಡಿಯ ಅಥವಾ ಎಟಿಎಂನ ಬ್ಯಾಂಕಿಗೆ ವರ್ಗವಾಗುತ್ತದೆ, ದರ ಅವರು ಹೇಳಿದ್ದು. 2,000 ಬಾತ್‌ನ ಬಿಲ್ಲು ಮಧ್ಯದರದಲ್ಲಿ 250 ರಿಂಗಿಟ್ ಆಗುತ್ತಿದ್ದರೆ ಪರದೆ 265 ಎಂದು ತೋರಿಸಬಹುದು. ಬಾತ್‌ನಲ್ಲೇ ಪಾವತಿಸಿ ನಮ್ಮ ಬ್ಯಾಂಕಿಗೆ ಶೇಕಡಾ 2 ಶುಲ್ಕ ತೆತ್ತರೂ ಆಗುವುದು ಸುಮಾರು 255. ಆದ್ದರಿಂದ ಪರದೆ ಕೇಳಿದಾಗಲೆಲ್ಲ ಆಯ್ಕೆ ಆ ದೇಶದ ಹಣವೇ ಆಗಿರಬೇಕು. ಎಟಿಎಂಗಳಲ್ಲಿ ಇದೇ ಪ್ರಶ್ನೆ 'ಪರಿವರ್ತನೆಯನ್ನು ಒಪ್ಪುವಿರಾ' ಎಂಬ ರೂಪದಲ್ಲಿ ಬರುತ್ತದೆ. ಒಪ್ಪುವುದಿಲ್ಲ ಎಂದರೆ ವ್ಯವಹಾರವೇ ರದ್ದಾದೀತೆಂದು ಹಲವರು ಹೆದರುತ್ತಾರೆ. ರದ್ದಾಗುವುದಿಲ್ಲ, ನಗದು ಬರುತ್ತದೆ, ಯಂತ್ರ ಹೇಳಿದ ದರ ಮಾತ್ರ ಕೈಬಿಟ್ಟುಹೋಗುತ್ತದೆ.

ಮೊದಲೇ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನ ಗುಣವೆಂದರೆ ತುಂಬಿಸಿದ ದಿನದ ದರ ಖಚಿತವಾಗುವುದು. ನೆರೆದೇಶಕ್ಕೆ ಹೋಗುವವರು ಅಲ್ಲಿನ ಕರೆನ್ಸಿ ಆ ಕಾರ್ಡಿನ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಇಲ್ಲದೆ ಡಾಲರ್ ತುಂಬಿಸಿಕೊಂಡು ಹೋದರೆ ಖರ್ಚು ಮಾಡುವಾಗ ಮತ್ತೊಂದು ಪರಿವರ್ತನೆ, ಮತ್ತೊಂದು ಶುಲ್ಕ. ಹಿಂದೆ ಹೇಳಿದ ಎರಡು ಹೆಜ್ಜೆಯ ಸಮಸ್ಯೆ ಪ್ಲಾಸ್ಟಿಕ್ ರೂಪದಲ್ಲಿ ಮರಳುತ್ತದೆ.

ನೆರೆದೇಶಗಳು ತಮ್ಮ ಪಾವತಿ ಜಾಲಗಳನ್ನೇ ಬೆಸೆಯುವುದು ಈಚಿನ ಬೆಳವಣಿಗೆ. 2021ರ ಏಪ್ರಿಲಿನಲ್ಲಿ ಸಿಂಗಪುರದ ಪೇನೌ ಮತ್ತು ಥಾಯ್ಲೆಂಡಿನ ಪ್ರಾಂಪ್ಟ್‌ಪೇ ಜೋಡಣೆಗೊಂಡವು. ಈಗ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಸಿಂಗಪುರಗಳ ನಡುವೆ ಪ್ರವಾಸಿಯು ತನ್ನ ದೇಶದ ಆ್ಯಪ್‌ನಿಂದಲೇ ಅಲ್ಲಿನ ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಣ ಕೊಡಬಹುದು. ಇಲ್ಲಿಯೂ ವಿನಿಮಯ ನಡೆದೇ ನಡೆಯುತ್ತದೆ, ಪಾವತಿ ಖಚಿತಪಡಿಸುವ ಮೊದಲು ಪರದೆಯಲ್ಲಿ ಕಾಣುವ ಎರಡು ಮೊತ್ತಗಳೇ ಅದರ ದರ.

ಗಡಿಯಲ್ಲಿ ಹೇಳಬೇಕಾದದ್ದು

ಹೆಚ್ಚು ನಗದು ಒಯ್ಯುವವರು ಕಸ್ಟಮ್ಸ್‌ಗೆ ಘೋಷಣೆ ಸಲ್ಲಿಸಬೇಕು. ಐರೋಪ್ಯ ಒಕ್ಕೂಟದ ಒಳಬರುವಾಗ ಅಥವಾ ಹೊರಹೋಗುವಾಗ 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು, ಅಮೆರಿಕದ ಗಡಿಯಲ್ಲಿ 10,000 ಡಾಲರಿಗಿಂತ ಹೆಚ್ಚು ಇದ್ದರೆ ತಿಳಿಸುವುದು ಕಡ್ಡಾಯ. ತಿಳಿಸಿ ಒಯ್ಯುವುದಕ್ಕೆ ಅಡ್ಡಿಯಿಲ್ಲ. ಬಚ್ಚಿಟ್ಟರೆ ಹಣವೇ ಮುಟ್ಟುಗೋಲಾದೀತು.

ತನ್ನದೇ ಕರೆನ್ಸಿ ಗಡಿ ದಾಟಬಾರದೆಂದು ನಿಯಮ ಮಾಡಿರುವ ದೇಶಗಳೂ ಇವೆ. ಟ್ಯುನೀಷಿಯಾದ ದಿನಾರ್ ನೋಟನ್ನು ದೇಶದೊಳಕ್ಕೆ ತರುವಂತಿಲ್ಲ, ಹೊರಕ್ಕೆ ಒಯ್ಯುವಂತಿಲ್ಲ. ಅಂಥಲ್ಲಿಗೆ ಮೊದಲೇ ಹಣ ಬದಲಾಯಿಸಿಕೊಂಡು ಹೋಗುವ ಆಲೋಚನೆಯೇ ಸಲ್ಲದು, ಮರಳುವಾಗ ಉಳಿದದ್ದನ್ನು ಅಲ್ಲಿಯೇ ಬದಲಾಯಿಸಬೇಕು.

ಉಳಿದ ನೋಟುಗಳು

ಮರಳಿ ಬದಲಾಯಿಸುವುದೆಂದರೆ ಅಂತರವನ್ನು ಎರಡನೆಯ ಬಾರಿ ತೆರುವುದು. ಆದ್ದರಿಂದ ಕೊನೆಯ ದಿನಗಳಿಗೆ ಕಡಿಮೆ ನಗದು ಉಳಿಯುವಂತೆ ನೋಡಿಕೊಂಡು, ಉಳಿದ ನೋಟು ಮತ್ತು ನಾಣ್ಯಗಳನ್ನು ಹೋಟೆಲ್ ಬಿಲ್ಲಿನ ಒಂದು ಭಾಗವಾಗಿ ಕೊಟ್ಟು, ಬಾಕಿಯನ್ನು ಮಾತ್ರ ಕಾರ್ಡಿನಲ್ಲಿ ತೀರಿಸುವುದು ಒಳ್ಳೆಯ ಉಪಾಯ. ಹಲವು ಹೋಟೆಲುಗಳು ಇದಕ್ಕೆ ಒಪ್ಪುತ್ತವೆ, ಕೇಳುವವರು ಕಡಿಮೆ ಅಷ್ಟೇ.

ಒಂದೇ ಪ್ರವಾಸದಲ್ಲಿ ಸಾಲಾಗಿ ಎರಡು ಮೂರು ನೆರೆದೇಶಗಳಿಗೆ ಹೋಗುವವರ ಲೆಕ್ಕ ಸ್ವಲ್ಪ ಬೇರೆ. ಮೊದಲ ದೇಶದಲ್ಲಿ ಉಳಿದ ಹಣವನ್ನು ತಮ್ಮ ಹಣಕ್ಕೆ ಮರಳಿಸಿ, ಅದರಿಂದ ಮುಂದಿನ ದೇಶದ ಹಣ ಕೊಂಡರೆ ಎರಡು ವಿನಿಮಯವಾಗುತ್ತದೆ. ಆ ಎರಡು ದೇಶಗಳ ನಡುವಿನ ಗಡಿ ಊರಿನಲ್ಲಿ ಒಂದನ್ನು ಇನ್ನೊಂದಕ್ಕೆ ನೇರವಾಗಿ ಕೊಟ್ಟರೆ ಒಂದೇ ವಿನಿಮಯದಲ್ಲಿ ಕೆಲಸ ಮುಗಿಯುತ್ತದೆ. ಆ ಜೋಡಿ ನೋಟುಗಳು ಅಲ್ಲಿ ದಿನವೂ ಕೈ ಬದಲಾಯಿಸುವುದರಿಂದ ದರವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಗಡಿ ದಾಟಿ ಮುಂದಿನ ರಾಜಧಾನಿಗೆ ಹೋದ ಮೇಲೆ ಅದೇ ನೋಟನ್ನು ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯಬೇಕಾಗಬಹುದು.